ಕತ್ತಲೂರಿನ ಬಾಣಂತನ

ಹೊಸಪೇಟೆಯ ಮೂವತ್ತು ನಲವತ್ತರ ವಯಸ್ಸಿನವರಲ್ಲಿ ಎಷ್ಟೋ ಮಂದಿಯನ್ನು ಹಂಪಕ್ಕ ಮೈಮೇಲೆ ನೂಲಿನೆಳೆಯಿಲ್ಲದೆ ನೋಡಿದ್ದಾಳೆ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಆಕೆಯೇ ಹೇಳಿಕೊಂಡು ತಿರುಗುತ್ತಾಳೆ. ಒಮ್ಮೆ ಟಿ.ಬಿ. ಡ್ಯಾಂ ಬಸ್ಸಿನಲ್ಲಿ ಹೊಸ ಕಂಡಕ್ಟರೊಬ್ಬ ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ತೋರಿಸು ಎಂದು ಜೋರು ಮಾಡಿದ. ಹಂಪಕ್ಕ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, "ಲೇ, ಚಿತ್ತವಾಡಗಿ ಪಾಲಪ್ಪನ ಮಗ ಅಲ್ಲೇನು ನೀ? ನಿನ್ನ ಕುಂಡಿ ತೊಳೆದಾಕಿಗೆ ಆಧಾರ್ ಕೇಳ್ತಿಯಾ?" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಆತ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.

ಆಕೆಯ ಕಸುಬು ಕೂಸು ಎರೆಯುವುದು. ಬುಕ್ಕಸಾಗರದಲ್ಲಿ ಹುಟ್ಟಿ, ಭತ್ತದ ನಾಟಿಗೆ ಬಗ್ಗಿದ ಸೊಂಟವನ್ನು ಮದುವೆಯಾದ ಮೇಲೆ ಹೊಸಪೇಟೆಗೆ ತಂದವಳು, ಅತ್ತೆಯಿಂದ ಈ ಕೆಲಸ ಕಲಿತಳು. ಬಾಣಂತಿಯಿರುವ ಮನೆಗೆ ಬೆಳಿಗ್ಗೆ ಹೋಗುವುದು, ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂರುವುದು, ಮೊಳಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ ಎಣ್ಣೆ ತೀಡಿ ಬಿಸಿನೀರು ಎರೆಯುವುದು. ಆಮೇಲೆ ತಾಯಿಗೂ ಎರೆದು, ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ಲೋಬಾನದ ಹೊಗೆ ಹಾಕಿ, ಕತ್ತಲೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಂದಕ್ಕೆಳೆದು ಬರುವುದು. ಗಾಳಿ ಸೋಕಬಾರದು, ಬೆಳಕು ಬೀಳಬಾರದು. ಈ ವಿಷಯದಲ್ಲಿ ಹಂಪಕ್ಕ ಯಾರಪ್ಪನ ಮಾತನ್ನೂ ಕೇಳುವವಳಲ್ಲ. ಬಾಣಂತಿ ಕಿಟಕಿ ತೆಗೆದಳೆಂದು ಮುನಿಸಿಕೊಂಡು ಅರ್ಧ ಬಾಣಂತನ ಬಿಟ್ಟುಬಂದ ಮನೆಗಳೂ ಇವೆ.

ಇತ್ತೀಚೆಗೆ ಕರೆ ಕಡಿಮೆಯಾಗಿತ್ತು. ಈಗಿನ ಹುಡುಗಿಯರು ಮೊಬೈಲಿನಲ್ಲಿ ನೋಡಿಕೊಂಡೇ ಮಕ್ಕಳಿಗೆ ಎರೆದುಬಿಡುತ್ತಾರೆ. ಹಂಪಕ್ಕನಿಗೆ ಅದು ಉರಿಯುತ್ತಿತ್ತು, ಬಾಯಲ್ಲಿ ಮಾತ್ರ "ಚಲೋ ಆತು, ನನ್ನ ಸೊಂಟ ಉಳೀತು" ಎನ್ನುತ್ತಿದ್ದಳು. ಅಂಥ ದಿನಗಳಲ್ಲಿ ಮನೆಗೆ ಬಂದವರು ವಿಜಯಕುಮಾರರು. ಡ್ಯಾಮಿನ ಕಾಲುವೆ ಆಫೀಸಿನಿಂದ ರಿಟೈರಾದವರು. ಅವರ ಮಗಳು ಅಂಜಲಿಯನ್ನು ಎರೆದು ದೊಡ್ಡದು ಮಾಡಿದ್ದು ಹಂಪಕ್ಕನೇ.

"ಹಂಪಕ್ಕ, ಅಂಜಲಿ ಬಸುರಿ ಅದಾಳ. ನವೆಂಬರ್‌ದಾಗ ದಿನ ತುಂಬ್ತಾವ. ಆಕಿಗೆ ತಾಯಿ ಇಲ್ಲ, ನಿನಗ ಗೊತ್ತೈತಿ. ಅಳಿಯನ ತಾಯಿ ಕಂಪ್ಲಿಯಾಗ ಸೊಂಟ ಮುರಕೊಂಡು ಮಲಗ್ಯಾಳ. ನೀನಾ ಹೋಗಬೇಕು."

"ಅದಕ್ಯಾಕ ಇಷ್ಟು ಹೇಳ್ತೀರಿ? ಆಟೋ ತರಿಸ್ರಿ, ಹೋಗಿ ಬರ್ತೀನಿ."

"ಅಲ್ಲಿಗೆ ಆಟೋ ಹೋಗಂಗಿಲ್ಲವ್ವ" ಎಂದರು ವಿಜಯಕುಮಾರರು.

ಅಂಜಲಿ ಇದ್ದದ್ದು ನಾರ್ವೆ ದೇಶದ ತುತ್ತತುದಿಯ ಟ್ರೊಮ್ಸೊ ಎಂಬ ಊರಿನಲ್ಲಿ. ಮೀನಿನ ವಿದ್ಯೆ ಓದಿ, ಇನ್ನೂ ಮುಂದೆ ಓದಲು ಅಲ್ಲಿಗೆ ಹೋಗಿದ್ದಳು. ಗಂಡ ವೆಂಕಟೇಶನಿಗೆ ಅಲ್ಲೇ ಮೀನು ಪ್ಯಾಕ್ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಚಳಿಗಾಲದಲ್ಲಿ ಎರಡು ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲವೆಂದು ವಿಜಯಕುಮಾರರು ಅಂಜುತ್ತಂಜುತ್ತಲೇ ಹೇಳಿದರು. ಹಂಪಕ್ಕನ ಗಂಡ ಹುಲುಗಪ್ಪ, ಬಾಳೆಮಂಡಿಯ ಕಾವಲುಗಾರ, ಮೂಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದವನು ಕೆಮ್ಮು ಬರುವಷ್ಟು ನಕ್ಕ.

"ಸಂಡೂರು ಗುಡ್ಡಕ್ಕ ಹೋದ್ರ ಎರಡು ಸ್ವೆಟರ್ ಹಾಕ್ಕೊಳ್ಳಾಕಿ. ಈಕಿ ಹೋಗ್ತಾಳಂತ ಮಂಜಿನ ಊರಿಗೆ!"

ಅವನು ನಕ್ಕಿದ್ದೇ ಸಾಕಾಯಿತು. "ಬಾಣಂತಿಗೆ ಕತ್ತಲ ಕೋಣಿನಾ ಬೇಕಲ್ಲ? ಊರಿಗೆ ಊರೇ ಕತ್ತಲಿದ್ರ ಇನ್ನೂ ಚಲೋ ಆತು. ಪಾಸ್‌ಪೋರ್ಟ್ ಮಾಡಿಸ್ರಿ" ಎಂದುಬಿಟ್ಟಳು ಹಂಪಕ್ಕ.

ವಿಮಾನದಲ್ಲಿ ಒಬ್ಬಳೇ ಹೋಗುವುದು ಹೇಗೆ? ಅದಕ್ಕೆ ವೆಂಕಟೇಶ ಒಂದು ಉಪಾಯ ಮಾಡಿ ಗಾಲಿಕುರ್ಚಿ ಬುಕ್ ಮಾಡಿದ್ದ. ದಿನಕ್ಕೆ ನಾಲ್ಕು ಓಣಿ ಸುತ್ತುವ ಗಟ್ಟಿ ಕಾಲಿನ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ವಿಮಾನದವರು ಇನ್ನೊಂದು ವಿಮಾನದವರಿಗೆ ಒಪ್ಪಿಸುತ್ತ ಹೋದರು. ಹಂಪಕ್ಕ ಮಡಿಲಲ್ಲಿ ಬಾಣಂತಿಯ ಆರೈಕೆಗೆಂದು ಅಳವಿ ಬೀಜ, ಬಜೆ, ಅಂಟು, ಕೊಬ್ಬರಿಯ ಗಂಟು ಹಿಡಿದು, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು, ಮೆರವಣಿಗೆ ಹೊರಟವರ ಠೀವಿಯಲ್ಲಿ ಕೂತಿದ್ದಳು. ತಳ್ಳುವ ಹುಡುಗರಿಗೆಲ್ಲ "ನಿಧಾನ, ನಿಧಾನ" ಎಂದು ಕನ್ನಡದಲ್ಲೇ ಅಪ್ಪಣೆ ಕೊಟ್ಟಳು, ಅವರೂ ನಿಧಾನವಾಗಿಯೇ ತಳ್ಳಿದರು.

ಆಕೆ ಇಳಿದಾಗ ಕೂಸು ಹುಟ್ಟಿ ಒಂದು ವಾರವಾಗಿತ್ತು. ಹೆಣ್ಣು. ಊರು ಒಂದು ದ್ವೀಪ, ಸುತ್ತ ಕಪ್ಪು ಸಮುದ್ರ, ಆಚೆಗೆ ಬಿಳಿ ಗುಡ್ಡಗಳು. ದಾರಿಯೆಲ್ಲ ಮಂಜುಗಡ್ಡೆ, ಬೂಟಿನಡಿಗೆ ಮುಳ್ಳಿನ ಪಟ್ಟಿ ಕಟ್ಟದಿದ್ದರೆ ಒಂದು ಹೆಜ್ಜೆ ಇಡುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕಾಶ ಒಂದಿಷ್ಟು ನೀಲಿಯಾಗುತ್ತಿತ್ತು, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮತ್ತೆ ಕತ್ತಲೆ. ಒಂದು ದಿನ ವೆಂಕಟೇಶ ಕರೆದು ಆಕಾಶದ ಹಸಿರು ಬೆಳಕನ್ನು ತೋರಿಸಿದ. ಅದನ್ನು ನೋಡಲು ಜಗತ್ತಿನವರೆಲ್ಲ ಬರುತ್ತಾರಂತೆ. "ಯಾರೋ ಹಸುರು ಸೀರಿ ಒಣಹಾಕ್ಯಾರ" ಎಂದು ಹೇಳಿ ಹಂಪಕ್ಕ ಒಳಗೆ ಬಂದು ಕೂಸಿನ ಬಟ್ಟೆ ಮಡಚಿದಳು. ಆ ಊರಿನಲ್ಲಿ ಆಕೆಗೆ ಹಿಡಿಸಿದ್ದು ಬಚ್ಚಲುಮನೆ. ಅದರ ನೆಲ ಕರೆಂಟಿನಿಂದ ಬೆಚ್ಚಗಿರುತ್ತಿತ್ತು. ಅಲ್ಲಿ ಕಾಲು ಚಾಚಿ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ.

ಬಂದ ದಿನವೇ ಬಾಣಂತಿ ಕೋಣೆ ಸಿದ್ಧವಾಯಿತು. ಕಿಟಕಿಯ ಪರದೆ ಸಾಲದೆಂದು ಅದರ ಮೇಲೆ ಮೊಳೆಯಿಂದ ದಪ್ಪ ಕಂಬಳಿ ಹೊಡೆಸಿದಳು. ದೀಪ ಆರಿಸಿದಳು. ಲೋಬಾನ ಹಾಕಿದರೆ ಬೆಂಕಿಯ ಗಂಟೆ ಹೊಡೆದು ಫೈರ್ ಇಂಜಿನ್ ಬರುತ್ತದೆಂದು ವೆಂಕಟೇಶ ಕೈಮುಗಿದದ್ದಕ್ಕೆ ಅದೊಂದನ್ನು ಮಾತ್ರ ಬಿಟ್ಟಳು. ಆರೋಗ್ಯ ಕೇಂದ್ರದಿಂದ ಬಂದ ನರ್ಸಮ್ಮ ಕೂಸಿನ ತೂಕ ನೋಡಿ ಸಂತೋಷಪಟ್ಟಳು. ತಾಯಿಯನ್ನು ದಿನಾ ಒಂದಿಷ್ಟು ಹೊತ್ತು ಹೊರಗೆ ಕರೆದುಕೊಂಡು ಹೋಗಿ, ಕೋಣೆಯಲ್ಲಿ ದೀಪ ಉರಿಯಲಿ, ಇಲ್ಲಿಯ ಕತ್ತಲೆ ಮನಸ್ಸಿಗೆ ಒಳ್ಳೆಯದಲ್ಲ ಎಂದೂ ಹೇಳಿದಳು. ವೆಂಕಟೇಶ ಕನ್ನಡದಲ್ಲಿ ತಿಳಿಸಿದಾಗ ಹಂಪಕ್ಕ ಕೈಯಾಡಿಸಿಬಿಟ್ಟಳು.

"ಹಸಿ ಬಾಣಂತಿನ ಮಂಜಿನಾಗ ತಿರುಗಾಡಸಾಕ ನನಗೇನು ಹುಚ್ಚು ಹಿಡದೈತೇನು? ಹೂಂ ಅಂದು ಕಳಸು."

ಕೂಸು ದಿನದಿಂದ ದಿನಕ್ಕೆ ತುಂಬಿಕೊಂಡಿತು. ಅಂಜಲಿ ದಿನದಿಂದ ದಿನಕ್ಕೆ ಇಳಿದಳು. ಮೊದಲಲ್ಲಿ ನಗುತ್ತ ಅಳವಿ ಪಾಯಸ ಉಂಡವಳು ಆಮೇಲೆ ಬಟ್ಟಲು ಹಾಗೆಯೇ ವಾಪಸು ಕಳಿಸತೊಡಗಿದಳು. ಹಾಲು ಕುಡಿಸುವಾಗ ಮಾತ್ರ ಕೂಸನ್ನು ತೆಗೆದುಕೊಳ್ಳುವುದು, ಮುಗಿದ ಕೂಡಲೇ ಹಂಪಕ್ಕನತ್ತ ಚಾಚಿ ಗೋಡೆಗೆ ತಿರುಗಿ ಮಲಗುವುದು. ಕೂಸು ಅತ್ತರೂ ತಿರುಗುತ್ತಿರಲಿಲ್ಲ. ಮಾತಿನಮಲ್ಲಿಯಾಗಿದ್ದ ಹುಡುಗಿ, ಈಗ ಕೇಳಿದ್ದಕ್ಕೆ ಹೂಂ ಉಹುಂ. ಒಂದು ದಿನ ತಾನಾಗಿ ಬಾಯಿ ಬಿಟ್ಟಾಗ ಬಂದದ್ದು ಈ ಮಾತು:

"ಹಂಪಕ್ಕ, ಕೂಸಿನ್ನ ನೀ ಊರಿಗೆ ಕರಕೊಂಡು ಹೋಗಿಬಿಡು. ನನ್ನ ಕೈಲಿ ಆಗಂಗಿಲ್ಲ. ನಾ ತಾಯಿ ಆಗಾಕ ಹುಟ್ಟಿದಾಕಿ ಅಲ್ಲ."

ಹಂಪಕ್ಕ ಎಷ್ಟೆಲ್ಲ ಬಾಣಂತಿಯರನ್ನು ನೋಡಿದ್ದಳು, ಅತ್ತವರನ್ನು, ಸಿಟ್ಟಾದವರನ್ನು, ಗಂಡನಿಗೆ ತಟ್ಟೆ ಎಸೆದವರನ್ನು. ಕೂಸು ಬೇಡ ಎಂದವಳನ್ನು ನೋಡಿರಲಿಲ್ಲ. ಹೆದರಿಕೆಯಾದಾಗ ಮನುಷ್ಯ ತನಗೆ ಗೊತ್ತಿದ್ದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾನೆ. ಆಕೆಯೂ ಹಾಗೇ ಮಾಡಿದಳು. ಗಾಳಿ ಸೋಕಿರಬೇಕೆಂದು ಬಾಗಿಲ ಸಂದಿಗೂ ಬಟ್ಟೆ ತುರುಕಿದಳು, ವೆಂಕಟೇಶ ಒಳಗೆ ಬಂದು ಕೂರುವುದನ್ನೂ ಕಡಿಮೆ ಮಾಡಿಸಿದಳು.

ಡಿಸೆಂಬರಿನ ಒಂದು ಮಧ್ಯಾಹ್ನ ಆಕೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದಳು. ಕೆಳಗಿನ ಅಂಗಳದಾಚೆ, ಎದುರು ಮನೆಯ ಗೋಡೆಯ ಪಕ್ಕ, ಬೀದಿದೀಪದ ಕೆಳಗೆ ಕೂಸಿನ ಗಾಡಿಯೊಂದು ನಿಂತಿತ್ತು. ಗಾಡಿಯ ಮೇಲೆ ಮಂಜು ಉದುರುತ್ತಿತ್ತು. ಹತ್ತಿರ ಒಬ್ಬ ಮನುಷ್ಯನೂ ಇಲ್ಲ. ಚಹಾ ಮುಗಿಯಿತು, ಯಾರೂ ಬರಲಿಲ್ಲ. ಗಾಡಿಯೊಳಗಿನ ಹೊದಿಕೆ ಸಣ್ಣಗೆ ಅಲುಗಿತು.

ಹಂಪಕ್ಕ ಸೀರೆಯ ಮೇಲೆ ವೆಂಕಟೇಶನ ಜಾಕೆಟ್ಟು ಏರಿಸಿ, ಮಂಕಿ ಕ್ಯಾಪ್ ಎಳೆದುಕೊಂಡು, ಮುಳ್ಳಿನ ಪಟ್ಟಿಯನ್ನೂ ಮರೆತು ಮೆಟ್ಟಿಲಿಳಿದು ಓಡಿದಳು. ಎರಡು ಸಲ ಜಾರಿ, ಗೋಡೆ ಹಿಡಿದು ಗಾಡಿಯನ್ನು ಮುಟ್ಟಿ, ಕೂಸನ್ನು ಎತ್ತಿ ಎದೆಗವಚಿಕೊಂಡು ಎದುರು ಮನೆಯ ಬಾಗಿಲನ್ನು ಗುದ್ದತೊಡಗಿದಳು.

"ಯಾರದವ್ವ ಈ ಕೂಸು? ಹೆತ್ತು ಹೊರಗ ಒಗದೀರೇನು? ನಿಮಗ ಕರುಳಿಲ್ಲೇನು?"

ಬಾಗಿಲು ತೆಗೆದವಳು ಮಾರಿತ್ ಎಂಬ ಎತ್ತರದ ಹೆಂಗಸು, ಕೈಯಲ್ಲಿ ಕಾಫಿ ಲೋಟ. ಮಂಕಿ ಕ್ಯಾಪಿನ ಅಪರಿಚಿತ ಮುದುಕಿಯೊಬ್ಬಳು ತನ್ನ ಮಗುವನ್ನು ಅಪ್ಪಿಕೊಂಡು ಕೂಗುತ್ತಿರುವುದನ್ನು ಕಂಡು ಮಾರಿತಳ ಮುಖ ಬಿಳಿಚಿಕೊಂಡಿತು. ಆದರೆ ಕೂಸಿನ ಕತ್ತಿನಡಿ ಹಂಪಕ್ಕ ಕೈ ಕೊಟ್ಟಿದ್ದ ರೀತಿ ನೋಡಿ ಏನು ಅರ್ಥವಾಯಿತೋ, ಕಿತ್ತುಕೊಳ್ಳಲಿಲ್ಲ. ಒಳಗೆ ಬಾ ಎಂದು ಬಾಗಿಲು ಪೂರ್ತಿ ತೆಗೆದಳು.

ಮಾರಿತಳ ಫೋನು ಬಂದು ವೆಂಕಟೇಶ ಕೆಲಸದಿಂದ ಓಡಿಬಂದ. ಇಲ್ಲಿ ಎಲ್ಲರೂ ಹೀಗೆಯೇ, ಮಕ್ಕಳನ್ನು ಉಣ್ಣೆಯಲ್ಲಿ ಸುತ್ತಿ ಹಗಲು ನಿದ್ದೆಗೆ ಹೊರಗೆ ಮಲಗಿಸುತ್ತಾರೆ, ತಾಯಿ ಒಳಗಿಂದ ನೋಡುತ್ತಲೇ ಇರುತ್ತಾಳೆ ಎಂದು ಹೇಳಿ, ಮಾರಿತಳ ಮುಂದೆ ಹತ್ತು ಸಲ ಕ್ಷಮೆ ಕೇಳಿದ. ಹಂಪಕ್ಕನ ಕಿವಿ ಅವನ ಕಡೆ ಇರಲಿಲ್ಲ. ಆಕೆಯ ಬೆರಳು ಕೂಸಿನ ಕತ್ತಿನ ಹಿಂದೆ ಇತ್ತು. ಬೆಚ್ಚಗಿತ್ತು. ಅಂಗಾಲು ಬೆಚ್ಚಗಿತ್ತು. ಇಷ್ಟೆಲ್ಲ ರಂಪದ ನಡುವೆ ಅದು ಕಣ್ಣನ್ನೇ ತೆರೆದಿರಲಿಲ್ಲ. ಇಂಥ ಸುಖನಿದ್ದೆಯನ್ನು ಆಕೆ ತಾನೇ ಎರೆದ ಕೂಸುಗಳಲ್ಲಿ ಮಾತ್ರ ಕಂಡಿದ್ದಳು.

ಮಾರಿತ್ ನಕ್ಕು ಆಕೆಗೂ ಕಾಫಿ ಕೊಟ್ಟು ಕಿಟಕಿಯ ಪಕ್ಕ ಕೂರಿಸಿದಳು. ಆ ಕಿಟಕಿಗೆ ಪರದೆಯೇ ಇರಲಿಲ್ಲ, ಅಂಚಿನ ಮೇಲೆ ಒಂದು ದೀಪ ಉರಿಯುತ್ತಿತ್ತು. ಅಲ್ಲಿಂದ ತಾವಿರುವ ಕಟ್ಟಡ ಕಾಣುತ್ತಿತ್ತು. ಆ ಕಟ್ಟಡದ ಪ್ರತಿ ಕಿಟಕಿಯಲ್ಲೂ ಹಾಗೆಯೇ ದೀಪ, ಒಂದು ಕಡೆ ನಕ್ಷತ್ರದ ಆಕಾರದ್ದು, ಒಂದು ಕಡೆ ಮೇಣದಬತ್ತಿ. ಸಾಲಿಗೆ ಸಾಲು ಬೆಳಗುತ್ತಿತ್ತು. ನಡುವೆ ಒಂದೇ ಒಂದು ಕಿಟಕಿ ಕಪ್ಪಗಿತ್ತು.

ಅದು ಅಂಜಲಿಯ ಕೋಣೆ. ಅದಕ್ಕೆ ಕಂಬಳಿ ಹೊಡೆಸಿದ್ದು ತಾನು.

ಹಂಪಕ್ಕ ಕಾಫಿ ಲೋಟ ಕೆಳಗಿಟ್ಟಳು. ಹೊಸಪೇಟೆಯ ಬಾಣಂತಿ ಕೋಣೆ ಕತ್ತಲೆ ನಿಜ. ಆದರೆ ಗೋಡೆಯ ಆಚೆಗೆ ರಣಬಿಸಿಲು ಹೊಡೆಯುತ್ತಿರುತ್ತದೆ, ಬಾಗಿಲಲ್ಲಿ ಓಣಿಯ ಹೆಂಗಸರ ದಂಡು, ತರಕಾರಿಯವನ ಕೂಗು, ಒಂದು ಗಳಿಗೆ ಸುಮ್ಮನೆ ಬಿಟ್ಟರೆ ಸಾಕೆನ್ನುವಷ್ಟು ಗದ್ದಲ. ಆ ಕತ್ತಲೆ ಬಾಣಂತಿಗೆ ನೆರಳು. ಇಲ್ಲಿ ಹೊರಗೂ ಕತ್ತಲೆ, ಒಳಗೂ ಕತ್ತಲೆ, ಒಂದು ನರಪಿಳ್ಳೆಯ ಸದ್ದಿಲ್ಲ. ಹೆತ್ತ ಹುಡುಗಿಯನ್ನು ತಾನು ಹೂತಿಟ್ಟ ಹಾಗಾಯಿತಲ್ಲ ಎಂದು ಆಕೆಗೆ ನಾಚಿಕೆಯಾಯಿತು, ಭಯವಾಯಿತು, ಅಳುವೂ ಬಂತು. ಅತ್ತದ್ದು ಒಂದೆರಡು ಗಳಿಗೆ ಮಾತ್ರ. ಆಮೇಲೆ ಮೂಗು ಒರೆಸಿಕೊಂಡು ಎದ್ದು ನಿಂತಳು. ಯಾವ ದೊಡ್ಡ ಮನುಷ್ಯರೂ ಅಷ್ಟು ಬೇಗ ತಮ್ಮ ಪಟ್ಟು ಬಿಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಮನೆಗೆ ಬಂದವಳೇ ಸ್ಟೂಲು ಹತ್ತಿ ಕಂಬಳಿಯನ್ನು ಮೊಳೆಸಮೇತ ಕಿತ್ತಳು. ಪರದೆ ಸರಿಸಿದಳು. ಮನೆಯಲ್ಲಿದ್ದ ಎಲ್ಲ ದೀಪಗಳನ್ನೂ ತಂದು ಕಿಟಕಿಯಲ್ಲಿಟ್ಟಳು. ಅಂಜಲಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಬ್ಯಾಡ ಹಂಪಕ್ಕ, ಮುಚ್ಚು."

"ಮುಚ್ಚಂಗಿಲ್ಲ ನನ್ನವ್ವ. ತಪ್ಪು ನಂದು. ಹೊಸಪೇಟಿ ಬಾಣಂತನಾನ ಇಲ್ಲಿಗೆ ಹೊತ್ತು ತಂದೆ. ಇಲ್ಲಿಗೆ ಇಲ್ಲಿದಾ ಮಾಡಬೇಕಿತ್ತು" ಎಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ವೆಂಕಟೇಶಪ್ಪ, ಆ ನರ್ಸಮ್ಮಗ ಫೋನ್ ಹಚ್ಚು. ಹಂಪಕ್ಕ ನೀವು ಹೇಳಿದ್ದು ಕೇಳ್ತಾಳಂತ ಹೇಳು."

ನರ್ಸಮ್ಮ ಮರುದಿನವೇ ಬಂದಳು, ಡಾಕ್ಟರ ಬಳಿಗೂ ಕರೆದೊಯ್ದಳು. ಹೆತ್ತವರಿಗೆ ಮನಸ್ಸು ಹೀಗೆ ಕುಸಿಯುವುದು ಒಂದು ಕಾಯಿಲೆ, ಅದಕ್ಕೆ ಮದ್ದಿದೆ, ಅಂಜಲಿಯ ತಪ್ಪೇನೂ ಇಲ್ಲ ಎಂದು ಡಾಕ್ಟರು ಹೇಳಿದರು. ಗುಳಿಗೆ ಕೊಟ್ಟರು, ವಾರವಾರ ಕೂತು ಮಾತಾಡಲು ಒಬ್ಬರನ್ನು ಗೊತ್ತುಮಾಡಿದರು. ಹೊರಗೆ ಕರೆದೊಯ್ಯುವ ಕೆಲಸ ಮಾತ್ರ ಹಂಪಕ್ಕನ ಪಾಲಿಗೆ ಬಂತು. ಮೊದಲ ದಿನ ಅಂಜಲಿ ಬಾಗಿಲ ತನಕ ಬಂದು ಬೂಟು ನೋಡಿ ಅತ್ತು ಹಿಂತಿರುಗಿದಳು. ಇನ್ನೊಂದು ದಿನ ಮೆಟ್ಟಿಲ ಮೇಲೆ ಕೂತೇಬಿಟ್ಟಳು, ಹಂಪಕ್ಕನೂ ಪಕ್ಕದಲ್ಲಿ ಕೂತು ಹುಲುಗಪ್ಪನ ಗೊರಕೆಯ ಕಥೆ ಹೇಳಿದಳು. ಅಂಗಳ ತಲುಪಲು ಎಷ್ಟೋ ದಿನ ಹಿಡಿಯಿತು. ಒಮ್ಮೆ ಮಾರಿತಳ ಮನೆ ತನಕ ಹೋಗಿಬಂದರು, ಅದರ ಮಾರನೆಯ ದಿನ ಅಂಜಲಿ ಮತ್ತೆ ಹಾಸಿಗೆ ಬಿಟ್ಟೇಳಲಿಲ್ಲ. ಆದರೂ ಬರಬರುತ್ತ ತಿನ್ನತೊಡಗಿದಳು, ನಾಲ್ಕು ಮಾತೂ ಆಡತೊಡಗಿದಳು. ಕೂಸನ್ನು ಮಾತ್ರ ಹಾಲು ಮುಗಿದ ಕೂಡಲೇ ಚಾಚುತ್ತಲೇ ಇದ್ದಳು.

ಜನವರಿ ಬಂತು. ಹಂಪಕ್ಕ ವಾಪಸು ಹೊರಡುವ ದಿನ ಹತ್ತಿರವಾಯಿತು. ಹೀಗೆ ಬಿಟ್ಟುಹೋದರೆ ಈ ಕೂಸನ್ನು ಎತ್ತುವವರು ಯಾರು? ಆ ಯೋಚನೆಯಲ್ಲಿ ಆಕೆಗೆ ಅನ್ನ ಸೇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಹೇಳಿಯೇಬಿಟ್ಟಳು: "ನಾಳೆ ಗಂಗಿ ಪೂಜಿ."

ನಮ್ಮ ಕಡೆ ಬಾಣಂತನ ಮುಗಿಯುವುದು ಗಂಗೆ ಪೂಜೆಯಿಂದ. ಬಾಣಂತಿ ಐದು ಮಂದಿ ಮುತ್ತೈದೆಯರ ಜೊತೆ ಬಾವಿಗೋ ಹೊಳೆಗೋ ಹೋಗಿ, ಅರಿಸಿನ ಕುಂಕುಮ ಹಾಕಿ, ನೀರು ತುಂಬಿಕೊಂಡು ತಾನೇ ಹೊತ್ತು ಮನೆಗೆ ತರಬೇಕು. ಅಂದಿನಿಂದ ಆಕೆ ಬಾಣಂತಿಯಲ್ಲ, ಮನೆಯ ಯಜಮಾನಿ. ಇಲ್ಲಿ ಗಂಗೆಯೆಂದರೆ ಸಮುದ್ರ, ಅದು ರಸ್ತೆಯ ತುದಿಯಲ್ಲೇ ಇತ್ತು. ಮುತ್ತೈದೆಯರದೇ ಪೇಚು. ಹಂಪಕ್ಕ ಅರಿಸಿನದ ಬಟ್ಟಲು ಹಿಡಿದು, ಮಾತು ತಿಳಿಸಲು ವೆಂಕಟೇಶನನ್ನು ಕರೆದುಕೊಂಡು ಮಾರಿತಳ ಮನೆಗೆ ನಡೆದಳು. ಮಾರಿತ್ ತನ್ನಂತೆಯೇ ಗಾಡಿ ತಳ್ಳುವ ಗೆಳತಿಯರಿಗೆಲ್ಲ ಫೋನು ಮಾಡಿದಳು.

ವೆಂಕಟೇಶ ಮೆಲ್ಲಗೆ ಕಿವಿಯಲ್ಲಿ ಹೇಳಿದ, "ಹಂಪಕ್ಕ, ಮಾರಿತಗ ಮದುವೀನಾ ಆಗಿಲ್ಲ. ಇಲ್ಲಿ ಹಂಗಾ ಜೋಡಿ ಇರ್ತಾರ. ಇನ್ನಿಬ್ಬರದೂ ಹಂಗಾ."

ಹಂಪಕ್ಕ ಅರಿಸಿನದ ಬಟ್ಟಲನ್ನು ಕೆಳಗಿಡಲಿಲ್ಲ. "ಹೆತ್ತಾರಲ್ಲ? ಸಾಕು. ಗಂಗವ್ವ ಸರ್ಟಿಫಿಕೇಟ್ ಕೇಳಂಗಿಲ್ಲ."

ಮರುದಿನ ಮಧ್ಯಾಹ್ನ, ಆಕಾಶ ನೀಲಿಯಾಗುವ ಹೊತ್ತಿಗೆ ಮೆರವಣಿಗೆ ಹೊರಟಿತು. ಐದು ಮಂದಿ ಎತ್ತರದ ಹೆಂಗಸರು, ಉಣ್ಣೆಯ ಟೊಪ್ಪಿಗೆಯ ಕೆಳಗೆ ಕುಂಕುಮ, ಕೈಯಲ್ಲಿ ಲಾಟೀನು, ಐದು ಗಾಡಿ. ನಡುವೆ ಅಂಜಲಿ, ತಲೆಗೆ ಬಟ್ಟೆ ಕಟ್ಟಿ, ಕೈಯಲ್ಲಿ ಸ್ಟೀಲಿನ ಕೊಡ. ಹಿಂದೆ ಕೂಸನ್ನು ಶಾಲಿನಿಂದ ಎದೆಗೆ ಕಟ್ಟಿಕೊಂಡು ಹಂಪಕ್ಕ, ಅದರ ಹಿಂದೆ ಮೊಬೈಲ್ ಹಿಡಿದು ವೆಂಕಟೇಶ, ಮೊಬೈಲಿನೊಳಗೆ ಟಿ.ಬಿ. ಡ್ಯಾಮಿನಿಂದ ವಿಜಯಕುಮಾರರು. ದಾರಿಯಲ್ಲಿ ಹೋಗುವ ಜನ ನಿಂತು ನೋಡಿದರು, ಕೆಲವರು ಕೈಬೀಸಿದರು.

ದಡದ ಕಲ್ಲುಗಳ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಅಂಜಲಿ ನೀರಿನ ಮುಂದೆ ಬಂದು ನಿಂತಳು. ನಿಂತೇ ಇದ್ದಳು, ಬಗ್ಗಲಿಲ್ಲ. ಮಾರಿತ್ ಹಂಪಕ್ಕನ ಮುಖ ನೋಡಿದಳು. ಆಗ ಕೂಸು ಎಚ್ಚರಗೊಂಡು ಅಳಲು ಶುರುಮಾಡಿತು.

ಅಳುವ ಕೂಸನ್ನು ಸುಮ್ಮನಿರಿಸುವುದು ಹಂಪಕ್ಕನಿಗೆ ಉಸಿರಾಡಿದಷ್ಟು ಸಲೀಸು. ಬೆನ್ನ ಮೇಲೆ ಎರಡು ತಟ್ಟು ತಟ್ಟಿದ್ದರೆ ಮುಗಿಯುತ್ತಿತ್ತು. ಆಕೆ ತಟ್ಟಲಿಲ್ಲ. ಹಾಗೆ ಸುಮ್ಮನೆ ನಿಲ್ಲುವುದು ಅವಳ ಜೀವಮಾನದಲ್ಲೇ ಅತಿ ಕಷ್ಟದ ಕೆಲಸವಾಗಿತ್ತು. ಕೈ ತಾನಾಗಿ ಏಳುತ್ತಿತ್ತು, ಹಲ್ಲು ಕಚ್ಚಿ ಇಳಿಸಿಕೊಂಡಳು. ಕೂಸು ಕಿರುಚಿತು. ವೆಂಕಟೇಶ ಮುಂದೆ ಬಂದವನನ್ನು ಕಣ್ಣಿನಲ್ಲೇ ಗದರಿ ನಿಲ್ಲಿಸಿದಳು. ಕೂಸು ಇನ್ನೂ ಜೋರಾಗಿ ಕಿರುಚಿತು, ಉಸಿರು ಕಟ್ಟಿ ಕೆಂಪಾಯಿತು.

ಅಂಜಲಿ ಗಕ್ಕನೆ ತಿರುಗಿದಳು.

"ಏನ್ ನಿಂತಿ ಹಂಪಕ್ಕ? ಅದು ಅಳೋದು ಕೇಳಂಗಿಲ್ಲೇನು ನಿನಗ? ಕೊಡಿಲ್ಲಿ!"

ಕೊಡವನ್ನು ಮಂಜಿನ ಮೇಲೆ ಬಿಸಾಡಿ ಬಂದು, ಶಾಲು ಬಿಚ್ಚಿ, ಕೂಸನ್ನು ಕಿತ್ತುಕೊಂಡಂತೆಯೇ ತೆಗೆದುಕೊಂಡಳು. ಜಾಕೆಟ್ಟಿನ ಜಿಪ್ಪು ಎಳೆದು ಎದೆಯೊಳಗೆ ಸೇರಿಸಿಕೊಂಡಳು. "ಸುಮ್ಕಿರು, ಸುಮ್ಕಿರು ನನ್ನ ಬಂಗಾರ, ನಾ ಅದೀನಿ, ನಾ ಇಲ್ಲೇ ಅದೀನಿ" ಎನ್ನುತ್ತ ತೂಗಿದಳು. ಕೂಸು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಆಮೇಲೆ ಅಂಜಲಿ ಅತ್ತಳು. ಅಳುತ್ತಲೇ ಒಂದು ಕೈಯಲ್ಲಿ ಕೂಸನ್ನು ಒತ್ತಿಕೊಂಡು, ಇನ್ನೊಂದು ಕೈಯಿಂದ ಕೊಡ ಎತ್ತಿ, ಬಗ್ಗಿ, ಆ ಕೊರೆಯುವ ನೀರಿಗೆ ಕುಂಕುಮ ಹಾಕಿ ಕೊಡ ತುಂಬಿದಳು.

ವೆಂಕಟೇಶ ಕೊಡಕ್ಕೆ ಕೈ ಚಾಚಿದ. "ನಾ ಹೊರ್ತೀನಿ, ಅತ್ಲಾಗ ಸರಿ" ಎಂದಳು ಅಂಜಲಿ. ಎದೆಯಲ್ಲಿ ಕೂಸು, ಸೊಂಟದಲ್ಲಿ ಕೊಡ, ಏರುರಸ್ತೆಯನ್ನು ಹತ್ತತೊಡಗಿದಳು. ಹೆಂಗಸರು ಲಾಟೀನು ಎತ್ತಿ ಹಿಡಿದು ಹಿಂದೆ ನಡೆದರು. ಫೋನಿನಲ್ಲಿ ವಿಜಯಕುಮಾರರು ಏನೋ ಹೇಳಲು ಹೋಗಿ, ಕನ್ನಡಕ ತೆಗೆದು ಒರೆಸತೊಡಗಿದರು.

ಹಂಪಕ್ಕ ಮಾತ್ರ ದಡದಲ್ಲೇ ನಿಂತಿದ್ದಳು. ಎದೆಯ ಮೇಲಿನ ಶಾಲು ಖಾಲಿ, ಎರಡು ಕೈಯೂ ಖಾಲಿ. ಇಷ್ಟು ವರ್ಷದಲ್ಲಿ ಯಾರೂ ಆಕೆಯ ಕೈಯಿಂದ ಕೂಸನ್ನು ಹೀಗೆ ಬೈದು ಕಸಿದುಕೊಂಡಿರಲಿಲ್ಲ. ಆಕೆಗೆ ಕುಣಿಯುವಷ್ಟು ಸಂತೋಷವಾಯಿತು. ಸೊಂಟಕ್ಕೆ ಕೈಯಿಟ್ಟು, ಆ ನೀಲಿ ಕತ್ತಲೆಯಲ್ಲಿ ಇಡೀ ಟ್ರೊಮ್ಸೊ ಊರಿಗೆ ಕೇಳುವಂತೆ ಕೂಗಿದಳು:

"ಏ, ನೋಡ್ರಿ ಎಲ್ಲಾರೂ! ನಮ್ಮ ಹುಡುಗಿ ಎದ್ಲು! ನಮ್ಮ ಹುಡುಗಿ ಎದ್ದು ಹೊಂಟಾಳ!"

ಎರಡು ಮೂರು ಮನೆಗಳ ಕಿಟಕಿಗಳು ತೆರೆದುಕೊಂಡವು. ಮೇಲಿನಿಂದ ಅಂಜಲಿ ತಿರುಗಿ ನೋಡಿ, "ಜಲ್ದಿ ಬಾ ಹಂಪಕ್ಕ! ಕೂಸಿಗೆ ಎರಿಬೇಕು. ಇವತ್ತು ನಾ ಎರಿತೀನಿ, ನೀ ನೀರು ಹಾಕು!" ಎಂದು ಕೂಗಿದಳು.

"ಬಂದೆ ತಾಯಿ, ಬಂದೆ" ಎನ್ನುತ್ತ ಹಂಪಕ್ಕ ಏರು ಹತ್ತಿದಳು.